ನ್ಯಾಯಾಧಿಪತಿಗಳ ಪದಚ್ಯುತಿ: ಎರಡು ಮಾರ್ಗಗಳು

ಸಿಂಧಘಟ್ಟದ ರೈತನು ಜಮೀನಿನ ವ್ಯಾಜ್ಯಕ್ಕಾಗಿ ಕೃಷ್ಣರಾಜಪೇಟೆಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತಾನೆ. ಅಂತಹ ನ್ಯಾಯಾಲಯದ ನ್ಯಾಯಾಧೀಶರ ಮೇಲೆ ದುರ್ನಡತೆಯ ಆಪಾದನೆ ಬಂದರೆ ವಿಚಾರಿಸತಕ್ಕವರು ಯಾರು? ಸಂವಿಧಾನದ 235ನೆಯ ಅನುಚ್ಛೇದವು ಅವರ ಮೇಲಿನ ಹತೋಟಿಯನ್ನು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದೆ. ಸರ್ಕಾರವೇ ಏಕೆ ವಿಚಾರಿಸಬಾರದೆಂದು ವಿದ್ಯಾರ್ಥಿಗಳು ಕೇಳುವುದುಂಟು. ಸರ್ಕಾರವೂ ಆ ನ್ಯಾಯಾಲಯದಲ್ಲಿ ಆಗಾಗ ಕಕ್ಷಿಗಾರನಾಗಿ ನಿಲ್ಲುವುದಷ್ಟೆ! 1965ರಲ್ಲಿ ಪಶ್ಚಿಮ ಬಂಗಾಳದ ಬಾಗ್ಚಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಸ್ತುವಿಚಾರಣೆಯ ಅಧಿಕಾರ ಉಚ್ಚ ನ್ಯಾಯಾಲಯದ್ದೇ ಎಂದು ನಿರ್ಣಯಿಸಿತು. ಆದುದರಿಂದ ಅಮಾನತು, ವಿಚಾರಣೆ ಇವೆಲ್ಲ ಉಚ್ಚ ನ್ಯಾಯಾಲಯದ ಕಾರ್ಯ. ವಜಾ ಮಾಡುವ ಆಜ್ಞೆ ಮಾತ್ರ ಅದರ ಶಿಫಾರಸಿನಂತೆ ರಾಜ್ಯಪಾಲರ ಹೆಸರಿನಲ್ಲಿ ಹೊರಡುತ್ತದೆ.

ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ವಿಷಯ ಬೇರೆ. ಇಂಗ್ಲೆಂಡಿನಲ್ಲಿ 1701ರ ಶಾಸನವು ನ್ಯಾಯಾಧಿಪತಿಗಳನ್ನು ದೊರೆಯ ಮರ್ಜಿಯಿಂದ ಬಿಡಿಸಿ, ಪಾರ್ಲಿಮೆಂಟಿನ ಉಭಯ ಸಭೆಗಳ ಕೋರಿಕೆಯ ಹೊರತು ತೆಗೆಯಲಾಗದಂತೆ ಮಾಡಿತು. ನಮ್ಮ ಸಂವಿಧಾನವೂ ಅದೇ ದಾರಿ ಹಿಡಿದಿದೆ. 1968ರ ಶಾಸನದಂತೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ರುಜು ಬೇಕು; ಮೂವರ ಸಮಿತಿಯ ಮುಂದೆ ತಪ್ಪು ಸ್ಥಿರಪಡಬೇಕು; ಅನಂತರ ಉಭಯ ಸದನಗಳಲ್ಲಿಯೂ ವಿಶೇಷ ಬಹುಮತ ದೊರೆಯಬೇಕು. ಅಮಾನತಿಗಾದರೋ ಸಂವಿಧಾನದಲ್ಲಿ ಅವಕಾಶವೇ ಇಲ್ಲ.

ಈ ಕೊರತೆ ಎಂತಹುದೆಂಬುದು ಕರ್ನಾಟಕದಲ್ಲಿಯೇ ಕಂಡುಬಂದಿತು. 2008ರಲ್ಲಿ ಇಲ್ಲಿಯ ಮುಖ್ಯ ನ್ಯಾಯಮೂರ್ತಿಗಳಾದ ಪಿ. ಡಿ. ದಿನಕರನ್ ಅವರ ಮೇಲೆ ತಮಿಳುನಾಡಿನ ಕಾವೇರಿರಾಜಪುರಂ ಗ್ರಾಮದಲ್ಲಿ ಭೂಮಿ ಒತ್ತುವರಿಯ ಆರೋಪ ಬಂದಿತು. ಅವರು ಅದನ್ನು ನಿರಾಕರಿಸಿದರು. 2009ರ ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಸದಸ್ಯರು ಪದಚ್ಯುತಿಯ ಸೂಚನೆಗೆ ರುಜು ಹಾಕಿದರು. ಮುಖ್ಯ ನ್ಯಾಯಮೂರ್ತಿಗಳು ಪೀಠದ ಮೇಲೆ ಕುಳಿತು ಮೊಕದ್ದಮೆ ಕೇಳುವುದು ನಿಂತಿತು. ಪದವಿ ಮಾತ್ರ ಉಳಿಯಿತು. 2010ರ ಆಗಸ್ಟಿನಲ್ಲಿ ಅವರನ್ನು ಸಿಕ್ಕಿಮಿಗೆ ವರ್ಗಾಯಿಸಲಾಯಿತು. ಕರ್ನಾಟಕಕ್ಕೆ ಸಲ್ಲದವರು ಸಿಕ್ಕಿಮಿಗೆ ಹೇಗೆ ಸಲ್ಲುತ್ತಾರೆಂಬ ಪ್ರಶ್ನೆಗೆ ನಮಗೆ ಸಮರ್ಪಕವಾದ ಉತ್ತರ ತೋರದು. ವರ್ಗಾವಣೆಯು ಶಿಕ್ಷೆಯೂ ಅಲ್ಲ, ಬಿಡುಗಡೆಯೂ ಅಲ್ಲ. 2011ರ ಜುಲೈ 29ರಂದು ಅವರು ರಾಜೀನಾಮೆ ಕೊಟ್ಟರು. ಆರೋಪ ದಿಟವೋ ಸಟೆಯೋ ಎಂಬ ನಿರ್ಣಯ ಸಮಿತಿಯಿಂದ ಹೊರಬೀಳಲೇ ಇಲ್ಲ. ದೂರಿತ್ತವರಿಗೂ ದೂರಿಗೊಳಗಾದವರಿಗೂ ಇದು ಸಮನಾದ ನಷ್ಟವೆಂದು ನಮ್ಮ ಎಣಿಕೆ.

ಇದೊಂದೇ ನಿದರ್ಶನವಲ್ಲ. 1993ರಲ್ಲಿ ವಿ. ರಾಮಸ್ವಾಮಿಯವರ ವಿರುದ್ಧ ಸಮಿತಿ ವರದಿಯಿತ್ತರೂ, ಲೋಕಸಭೆಯಲ್ಲಿ 205 ಸದಸ್ಯರು ಮತ ಚಲಾಯಿಸದೆ ಕುಳಿತುದರಿಂದ ನಿರ್ಣಯ ಬಿದ್ದುಹೋಯಿತು. 2011ರಲ್ಲಿ ಸೌಮಿತ್ರ ಸೇನರ ವಿರುದ್ಧದ ನಿರ್ಣಯವನ್ನು ರಾಜ್ಯಸಭೆ ಅಂಗೀಕರಿಸಿತು. ಲೋಕಸಭೆ ಕೈಗೆತ್ತಿಕೊಳ್ಳುವ ಮುನ್ನವೇ ಅವರು ರಾಜೀನಾಮೆಯಿತ್ತರು.