ಬೈಸಿಕಲ್ಲೂ ಮೋಟಾರೂ

ಎರಡು ವಸ್ತುಗಳನ್ನು ಹೋಲಿಸಿ ನೋಡುವಾಗ, ದೊಡ್ಡದನ್ನು ಅಳತೆಗೋಲಾಗಿ ಹಿಡಿದು ಚಿಕ್ಕದನ್ನು ಅಳೆಯುವುದು ನಮ್ಮೆಲ್ಲರ ರೂಢಿ. ಬೈಸಿಕಲ್ಲನ್ನು 'ಬಡವರ ಮೋಟಾರು' ಎಂದು ಕರೆಯುವುದೂ ಈ ರೂಢಿಯ ಫಲವೇ. ಈ ಮಾತಿನಲ್ಲಿ ಸ್ವಲ್ಪ ಕನಿಕರವೂ ಸ್ವಲ್ಪ ತಾತ್ಸಾರವೂ ಬೆರೆತಿವೆ. ಇವೆರಡಕ್ಕೂ ಆಧಾರವುಂಟೇ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಕಳೆದ ಬೇಸಿಗೆಯಲ್ಲಿ ನಾವು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಗೆ ಹೋಗಿದ್ದೆವು. ಬಂಧುಗಳ ಮನೆಯ ಹಳೆಯ ಬೈಸಿಕಲ್ಲೊಂದು ಪಂಕ್ಚರಾಗಿದ್ದುದರಿಂದ ಅದನ್ನು ತಳ್ಳಿಕೊಂಡು ದುರಸ್ತಿಯ ಅಂಗಡಿಗೆ ಹೋಗಬೇಕಾಯಿತು. ಅಂಗಡಿಯ ಹಿರಿಯರು ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಹಿಂದಿನ ಗಾಲಿಯನ್ನೊಮ್ಮೆ ತಿರುಗಿಸಿ ಬಿಟ್ಟು, ಅದು ತಿರುಗುವ ಸದ್ದನ್ನು ಕಿವಿಗೊಟ್ಟು ಕೇಳಿ, "ಇದು ಅಂಬಾಸಿಡರ್ ಇದ್ದಂಗ ರೀ ಸರ. ಸಾಯೂದಿಲ್ಲ, ಸುಸ್ತಾಗತೈತಿ ಅಷ್ಟ" ಎಂದರು. ಪಕ್ಕದಲ್ಲಿ ತನ್ನ ಗೇರಿನ ಸೈಕಲ್ಲಿಗೆ ಗಾಳಿ ತುಂಬಿಸಿಕೊಳ್ಳಲು ಬಂದಿದ್ದ ಹುಡುಗನೊಬ್ಬನು ಕೂಡಲೇ, "ಹಂಗಾರ ನಂದು ಯಾವ ಕಾರ್ ರೀ ಕಾಕಾ?" ಎಂದು ಕೇಳಿದನು. ಹಿರಿಯರು ನಕ್ಕು, ನಮ್ಮ ಕಡೆಗೆ ಕೈತೋರಿಸಿ, "ಸಾಲಿ ಕಲಿಸೋ ಸರ ಇಲ್ಲೇ ಅದಾರಲ್ಲ, ಅವರನ್ನ ಕೇಳು" ಎಂದುಬಿಟ್ಟರು. ಆ ಕ್ಷಣದಲ್ಲಿ ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ಅಂದು ಬಾಕಿ ಉಳಿದ ಉತ್ತರವನ್ನು ಇಂದು ಸಲ್ಲಿಸುತ್ತಿದ್ದೇವೆ.

ಮೊದಲಿಗೆ ಆ ಹಿರಿಯರ ಹೋಲಿಕೆಯನ್ನೇ ಪರೀಕ್ಷಿಸೋಣ. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಕಪ್ಪು ಬೈಸಿಕಲ್ಲಿಗೆ 28 ಅಂಗುಲದ ಗಾಲಿ, ಉಕ್ಕಿನ ಕೊಳವೆಗಳ ಚೌಕಟ್ಟು, ಸರಳಿನಿಂದ ಎಳೆಯುವ ಬ್ರೇಕು, ಹಿಂದೆ ಗಟ್ಟಿಯಾದ ಕ್ಯಾರಿಯರ್ ಇರುತ್ತವೆ. 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ. ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನಲ್ಲಿ ಪ್ರಾರಂಭವಾದ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ತಲೆಯೆತ್ತಿದ ಹೀರೋ ಮುಂತಾದ ಕಾರ್ಖಾನೆಗಳು ಇದೇ ಮಾದರಿಯನ್ನು ಬಹುಕಾಲ ಹೆಚ್ಚು ಮಾರ್ಪಾಡಿಲ್ಲದೆ ತಯಾರಿಸಿದುವು. ಅಂಬಾಸಿಡರ್ ಮೋಟಾರಿನ ಕಥೆಯೂ ಹಾಗೆಯೇ. ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಲ್ಲಿ ಆರಂಭವಾದ ಅದರ ತಯಾರಿಕೆಯು 2014ರ ವರೆಗೆ ನಡೆಯಿತು. ಅಷ್ಟು ಕಾಲದಲ್ಲಿಯೂ ಅದರ ಮುಖಚಹರೆ ಗುರುತು ಸಿಕ್ಕದಷ್ಟು ಬದಲಾಗಲಿಲ್ಲ. ಎರಡೂ ಭಾರವಾದುವು, ಎರಡೂ ನಿಧಾನ, ಎರಡೂ ಕೆಟ್ಟ ರಸ್ತೆಯನ್ನು ಕ್ಷಮಿಸತಕ್ಕವು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಎರಡನ್ನೂ ಊರಿನ ಸಾಮಾನ್ಯ ಮಿಸ್ತ್ರಿಯು ಸ್ಪ್ಯಾನರು, ಸುತ್ತಿಗೆಗಳಿಂದಲೇ ಸರಿಪಡಿಸಬಲ್ಲನು. ಹಲಗೇರಿಯ ಹಿರಿಯರ ಹೋಲಿಕೆ ಬಣ್ಣವನ್ನೋ ಆಕಾರವನ್ನೋ ನೋಡಿ ಹೇಳಿದುದಲ್ಲ. ಗುಣವನ್ನು ನೋಡಿ ಹೇಳಿದುದು.

ಈ ಗುಣದೃಷ್ಟಿಯನ್ನೇ ಮುಂದುವರಿಸಿದರೆ ಇತರ ಜೋಡಿಗಳೂ ತಾವಾಗಿ ಕಾಣಿಸಿಕೊಳ್ಳುತ್ತವೆ. ಎರಡು ಕಡೆಯೂ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ನಸುಕಿನಲ್ಲಿ ಪೇಟೆಗೆ ಹೊರಡುವ, ಚೌಕಟ್ಟಿನಲ್ಲಿ ಮೇಲುಕೊಳವೆ ಎರಡಿರುವ ಹೇರಿನ ಬೈಸಿಕಲ್ಲಿಗೆ ಜೀಪೇ ಸರಿಯಾದ ಜೋಡಿ. ಯುದ್ಧಕ್ಕೆಂದು ಹುಟ್ಟಿದ ಜೀಪು, ನಮ್ಮ ದೇಶದಲ್ಲಿ ಹೊಲದ ದಾರಿಯಲ್ಲಿ ಜನರನ್ನೂ ಚೀಲಗಳನ್ನೂ ಒಟ್ಟಿಗೆ ಹೊತ್ತು ಸಂಸಾರಿಯಾಯಿತು. ಅಂದಚಂದಗಳ ವಿಷಯದಲ್ಲಿ ಇಬ್ಬರಿಗೂ ಚಿಂತೆಯಿಲ್ಲ. ಹೊರೆ ಬಿದ್ದಷ್ಟೂ ಇಬ್ಬರೂ ಸ್ಥಿರವಾಗಿ ನಡೆಯುತ್ತಾರೆ.

ಮೇಲುಕೊಳವೆ ಇಲ್ಲದ, ಗಾಲಿಗೆ ಸೀರೆ ಲಂಗಗಳು ಸಿಕ್ಕದಂತೆ ಬಲೆ ಕಟ್ಟಿದ ಹೆಣ್ಣುಮಕ್ಕಳ ಬೈಸಿಕಲ್ಲನ್ನು ನಾವು ಮಾರುತಿ 800ರೊಡನೆ ಇಡುತ್ತೇವೆ. 1983ರ ಡಿಸೆಂಬರ್ 14ರಂದು ಮೊದಲನೆಯ ಗಾಡಿಯ ಬೀಗದ ಕೈ ಕೊಳ್ಳುಗನ ಕೈಸೇರಿತು. 796 ಘನ ಸೆಂಟಿಮೀಟರಿನ ಅದರ ಯಂತ್ರ ಚಿಕ್ಕದು, ಮೈ ಹಗುರ. ಆದರೆ ಮೋಟಾರೆಂದರೆ ಪರರದು ಎಂದು ತಿಳಿದಿದ್ದ ಎಷ್ಟೋ ಮಧ್ಯಮವರ್ಗದ ಸಂಸಾರಗಳು ಮೊದಲು ಏರಿದುದು ಅದನ್ನೇ. ಬೈಸಿಕಲ್ಲಿನ ವಿಷಯದಲ್ಲಿಯೂ ಇಂತಹುದೊಂದು ಘಟನೆ ನಮ್ಮ ನಾಡಿನಲ್ಲಿ ನಡೆದಿದೆ. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ಕೊಡುವ ಯೋಜನೆಯನ್ನು ಕೈಗೊಂಡಿತು. ತನ್ನೂರಿನಲ್ಲಿ ಪ್ರೌಢಶಾಲೆಯಿಲ್ಲದ ಹುಡುಗಿಗೆ ನಾಲ್ಕಾರು ಮೈಲಿಯ ದಾರಿಯೇ ವಿದ್ಯೆಯ ಕೊನೆಯಾಗುತ್ತಿದ್ದ ಕಾಲವೊಂದಿತ್ತು. ಅಣ್ಣನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯುವುದಕ್ಕೂ ಆಕೆಗೆ ಅಪ್ಪಣೆ ದೊರೆಯುತ್ತಿದ್ದುದು ಅಪರೂಪ. ಅಂತಹವಳು ತನ್ನ ಹೆಸರಿನದೇ ಆದ ಗಾಡಿಯ ಮೇಲೆ ಕುಳಿತಾಗ ಆದ ಬದಲಾವಣೆಯನ್ನು ವೇಗದ ಲೆಕ್ಕದಿಂದ ಮಾತ್ರ ಅಳೆಯಲಾಗದು.

ಬಾಗಿದ ಹ್ಯಾಂಡಲಿನ, ಕಿರಿದಾದ ಟೈರಿನ ಪಂದ್ಯದ ಬೈಸಿಕಲ್ಲಿಗೆ ಪಂದ್ಯದ ಮೋಟಾರೇ ಜೋಡಿಯೆಂಬುದು ಸ್ಪಷ್ಟ. ವಿಜಯಪುರ, ಬಾಗಲಕೋಟೆಗಳ ಕಡೆಯ ಹುಡುಗರು ಈ ಕ್ರೀಡೆಯಲ್ಲಿ ಹೆಸರು ಮಾಡಿರುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲೊಂದು ಸ್ವಾರಸ್ಯವಿದೆ. ಹಗುರವಾದಷ್ಟೂ ಗೆಲವು ಸುಲಭವೆಂದು ತಯಾರಕರು ಮೈಮರೆತಾರೆಂಬ ಭಯದಿಂದ ಎರಡು ಕ್ರೀಡೆಗಳಲ್ಲಿಯೂ ಕನಿಷ್ಠ ತೂಕವನ್ನು ನಿಯಮದಿಂದಲೇ ಗೊತ್ತುಪಡಿಸಿದ್ದಾರೆ: ರಸ್ತೆಯ ಪಂದ್ಯದ ಬೈಸಿಕಲ್ಲಿಗೆ 6.8 ಕಿಲೋಗ್ರಾಂ, ಫಾರ್ಮುಲಾ ಒಂದರ ಮೋಟಾರಿಗೆ, 2022ರ ನಿಯಮದಂತೆ, ಚಾಲಕನೂ ಸೇರಿ 798 ಕಿಲೋಗ್ರಾಂ. ಒಂದನ್ನು ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದನ್ನು ಹಾಗೆ ಎತ್ತಲಾಗದು.

ಇನ್ನು ಆ ಹುಡುಗನ ಗೇರಿನ ಸೈಕಲ್ಲು. ದಪ್ಪ ಟೈರಿನ ಈ ಜಾತಿಯು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಇಳಿದಾಡುವ ಉತ್ಸಾಹಿಗಳ ಕೈಯಲ್ಲಿ ರೂಪುಗೊಂಡಿತು. ಇದಕ್ಕೆ ಜೋಡಿಯಾಗಿ ಎತ್ತರವಾದ ಮೈಯ, ದಪ್ಪ ಗಾಲಿಯ ಈಗಿನ ದೊಡ್ಡ ಮೋಟಾರುಗಳನ್ನು ಹೇಳಬೇಕು. ಬೆಟ್ಟಕ್ಕೆಂದು ಹುಟ್ಟಿದ ಇಬ್ಬರೂ ಬಹುಮಟ್ಟಿಗೆ ಡಾಂಬರಿನ ಮೇಲೆಯೇ ಆಯುಸ್ಸು ಕಳೆಯುತ್ತಾರೆ! ಆದರೆ ಹುಡುಗನನ್ನು ಅಷ್ಟಕ್ಕೇ ಗೇಲಿಮಾಡಿ ಬಿಡುವುದು ನ್ಯಾಯವಲ್ಲ. ಗೇರಿನಲ್ಲಿ ಒಂದು ಪಾಠವಿದೆ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಾಗ ಗಾಲಿಯು ಸುಮಾರು ಎರಡೂವರೆ ಸುತ್ತು ಬಂದು, 28 ಅಂಗುಲದ ಗಾಲಿಯಾದರೆ ಗಾಡಿಯು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಹಿತಕರ. ಏರಿನಲ್ಲಿಯಾದರೋ ತುಳಿತವು ಭಾರವಾಗಿ ಕಾಲಿನ ಓಟ ಕುಂದುತ್ತದೆ. ಓಟ ಕುಂದಿದರೆ ಕಾಲೂ ಸೋಲುತ್ತದೆ, ಮೋಟಾರಿನ ಯಂತ್ರವೂ ಸೋಲುತ್ತದೆ. ಆದುದರಿಂದ ಇಬ್ಬರೂ ಒಂದೇ ಉಪಾಯವನ್ನು ಹಿಡಿದಿದ್ದಾರೆ: ಹಲ್ಲುಗಳ ಪ್ರಮಾಣವನ್ನು ಬದಲಿಸಿ, ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದು. ಗೇರಿಲ್ಲದ ಹಳೆಯ ಸೈಕಲ್ಲಿನವನು ಏರಿನಲ್ಲಿ ಇಳಿದು ತಳ್ಳುತ್ತಾನಲ್ಲ, ಅದು ಅವನ ಎರಡನೆಯ ಗೇರೆನ್ನಬಹುದು.

ಇಷ್ಟು ಹೋಲಿಕೆಗಳು ಬರಿಯ ಆಕಸ್ಮಿಕವೇ? ಅಲ್ಲ. ಮುಖಸಾಮ್ಯ ಕಂಡಲ್ಲಿ ವಂಶವನ್ನು ವಿಚಾರಿಸುವುದು ಯೋಗ್ಯ. ಎರಡು ಸಮಗಾಲಿಗಳೂ ಹಿಂದಿನ ಗಾಲಿಗೆ ಚೈನೂ ಇರುವ ಇಂದಿನ ಬೈಸಿಕಲ್ಲಿಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ 1885ರಲ್ಲಿ ಹೊರತಂದ 'ರೋವರ್' ಮೂಲಮಾದರಿ. ಅದೇ ಹೆಸರಿನ ಸಂಸ್ಥೆಯು 1904ರಿಂದ ಮೋಟಾರುಗಳನ್ನು ತಯಾರಿಸತೊಡಗಿತು. ಪೋಲೆಂಡಿನ ಜನರು ಇಂದಿಗೂ ಬೈಸಿಕಲ್ಲನ್ನು 'ರೋವೆರ್' ಎಂದೇ ಕರೆಯುತ್ತಾರೆ. ಗಾಳಿ ತುಂಬಿದ ಟೈರನ್ನು ಡನ್‌ಲಪ್ ಎಂಬ ಪಶುವೈದ್ಯನು 1888ರಲ್ಲಿ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆಂದು ಮಾಡಿದನು. ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ತಿರುಗಲು ಅನುಕೂಲಮಾಡುವ, ಇಂದಿನ ಮೋಟಾರುಗಳಲ್ಲಿರುವ ಡಿಫರೆನ್ಷಿಯಲ್ ಗೇರನ್ನು 1877ರಲ್ಲಿ ಜೇಮ್ಸ್ ಸ್ಟಾರ್ಲೆ ಅಳವಡಿಸಿದುದು ಮೂರುಗಾಲಿಯ ಸೈಕಲ್ಲಿಗೆ. 1886ರಲ್ಲಿ ಪೇಟೆಂಟು ಪಡೆದ ಕಾರ್ಲ್ ಬೆನ್ಜ್‌ನ ಮೋಟಾರು ತಂತಿಯ ಕಡ್ಡಿಗಳ ಗಾಲಿಯ ಮೇಲೆ ನಿಂತಿತ್ತು. ಹೆನ್ರಿ ಫೋರ್ಡನು 1896ರಲ್ಲಿ ಮಾಡಿದ ಮೊದಲನೆಯ ಗಾಡಿಗೆ ನಾಲ್ಕು ಬೈಸಿಕಲ್ ಗಾಲಿಗಳಿದ್ದುವು. ಇಂದಿನ ಸ್ಕೋಡಾ ಸಂಸ್ಥೆಯ ಹಿರಿಯರು 1895ರಲ್ಲಿ ಬೊಹೀಮಿಯದಲ್ಲಿ ತೆರೆದುದು ಬೈಸಿಕಲ್ಲಿನ ಅಂಗಡಿಯನ್ನು. ಓಪೆಲ್, ಪ್ಯೂಜೋ, ಹಂಬರ್ ಎಲ್ಲವೂ ಈ ಮನೆತನದವೇ.

ಹಲಗೇರಿಯ ಹಿರಿಯರ ಮಾತಿಗೆ ಈಗ ಮರಳೋಣ. ವಿಲಿಯಂ ಮಾರಿಸ್ ಎಂಬುವನು ಹದಿನಾರರ ಪ್ರಾಯದಲ್ಲಿ, 1893ರಲ್ಲಿ, ಆಕ್ಸ್‌ಫರ್ಡಿನ ತನ್ನ ತಂದೆತಾಯಿಗಳ ಮನೆಯಲ್ಲಿ ಬೈಸಿಕಲ್ ದುರಸ್ತಿಯ ಕೆಲಸವನ್ನು ಪ್ರಾರಂಭಿಸಿದನು. 1913ರಲ್ಲಿ ಅವನ ಮೊದಲ ಮೋಟಾರು 'ಮಾರಿಸ್ ಆಕ್ಸ್‌ಫರ್ಡ್' ಹೊರಬಂದಿತು. ಅದೇ ಹೆಸರಿನ ಮುಂದಿನ ಪೀಳಿಗೆಯೊಂದರ ನಕ್ಷೆಯಿಂದಲೇ ನಮ್ಮ ಅಂಬಾಸಿಡರ್ ಹುಟ್ಟಿತು. ಎಂದಮೇಲೆ ಬೈಸಿಕಲ್ಲು ಅಂಬಾಸಿಡರಿನಂತಿದೆ ಎಂಬುದಕ್ಕಿಂತ, ಅಂಬಾಸಿಡರೇ ಬೈಸಿಕಲ್ಲಿನಂತಿದೆ ಎಂಬುದು ಸತ್ಯಕ್ಕೆ ಹತ್ತಿರ. ಮೊಮ್ಮಗನನ್ನು ನೋಡಿ 'ಅಜ್ಜನ ಹಾಗಿದ್ದಾನೆ' ಎನ್ನುವುದು ಲೋಕರೂಢಿಯೇ ಹೊರತು, ಅಜ್ಜನನ್ನು ನೋಡಿ 'ಮೊಮ್ಮಗನ ಹಾಗಿದ್ದಾನೆ' ಎನ್ನುವವರು ಇಲ್ಲ.

ಹಾಗಾದರೆ ಅಜ್ಜನಿಗಿಂತ ಮೊಮ್ಮಗನು ಎಲ್ಲದರಲ್ಲಿಯೂ ಮುಂದುವರಿದನೇ? ವೇಗದಲ್ಲಿ, ದೂರದಲ್ಲಿ, ಮಳೆಗಾಳಿಗಳಿಂದ ರಕ್ಷಣೆಯಲ್ಲಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದರಲ್ಲಿ ನಿಸ್ಸಂದೇಹವಾಗಿ ಮುಂದುವರಿದನು. ಆದರೆ ಹೊರೆಯ ಲೆಕ್ಕವನ್ನು ನೋಡಿರಿ. ಸುಮಾರು 20 ಕಿಲೋ ತೂಗುವ ಬೈಸಿಕಲ್ಲು 60 ಕಿಲೋ ತೂಕದ ಒಬ್ಬ ರೈತನನ್ನೂ 40 ಕಿಲೋ ತೂಕದ ಒಂದು ಚೀಲವನ್ನೂ ಹೊತ್ತರೆ, ತನ್ನ ತೂಕದ ಐದುಪಟ್ಟನ್ನು ಹೊತ್ತಂತಾಯಿತು. ಒಂದು ಟನ್ನಿಗೂ ಮಿಕ್ಕ ಅಂಬಾಸಿಡರು ಐವರನ್ನು ಕೂರಿಸಿಕೊಂಡರೂ ತನ್ನ ತೂಕದ ಮೂರನೆಯ ಒಂದು ಪಾಲನ್ನು ಸಹ ಹೊರುವುದಿಲ್ಲ. ನಮ್ಮಂಥವರು ಒಬ್ಬೊಬ್ಬರೇ ಅದರಲ್ಲಿ ಕುಳಿತು ಕಾಲೇಜಿಗೆ ಹೋದರೆ, ವೆಚ್ಚವಾಗುವ ಇಂಧನದ ಬಹುಪಾಲು ನಮ್ಮನ್ನಲ್ಲ, ಗಾಡಿಯನ್ನೇ ಸಾಗಿಸುವುದಕ್ಕೆ ಸಂದುಹೋಗುತ್ತದೆ. ಈ ಲೆಕ್ಕದಲ್ಲಿ 'ಬಡವರ ಮೋಟಾರು' ಎಂಬ ಹೆಸರು ತಲೆಕೆಳಗಾಗುತ್ತದೆ.

ಕಡೆಯದಾಗಿ, ಎಲ್ಲಕ್ಕಿಂತಲೂ ಮುಖ್ಯವಾದ ಬಾಬೊಂದಿದೆ, ಅದು ರಸ್ತೆ. ಮೋಟಾರು ಹುಟ್ಟಿದ ಆ 1886ರಲ್ಲಿಯೇ ಇಂಗ್ಲೆಂಡಿನ ಬೈಸಿಕಲ್ ಸವಾರರು ರಸ್ತೆ ಸುಧಾರಣೆಯ ಸಂಘವೊಂದನ್ನು ಕಟ್ಟಿದರು. ಅಮೆರಿಕದ ಸವಾರರೂ ಒಳ್ಳೆಯ ರಸ್ತೆಗಳಿಗಾಗಿ ಪತ್ರಿಕೆ ಹೊರಡಿಸಿ ಚಳವಳಿ ಹೂಡಿದರು. ನಯವಾದ ರಸ್ತೆಗಾಗಿ ಮೊದಲು ಸಂಘಕಟ್ಟಿ ಮೊರೆಯಿಟ್ಟವರಲ್ಲಿ ಬೈಸಿಕಲ್ಲಿನವರು ಸೇರಿದ್ದಾರೆ. ಮೋಟಾರು ಬಂದು ಆ ರಸ್ತೆಯನ್ನು ಅನುಭವಿಸಿತು. ಈಗಿನ ಸ್ಥಿತಿಯೇನು? ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೂಲಕ ಸಾಗುತ್ತದೆ. ಹಳ್ಳಿಯ ದಾರಿಗಳು ಅದನ್ನು ಬಂದು ಕೂಡುವ ಕಡೆಗಳಲ್ಲಿ ಶಾಲೆಯ ಮಕ್ಕಳು ಸೈಕಲ್ಲಿನಿಂದ ಇಳಿದು, ಸಾಲಾಗಿ ನಿಂತು, ಭರದಿಂದ ಬರುವ ಲಾರಿ ಮೋಟಾರುಗಳ ನಡುವೆ ಬಿಡುವು ಸಿಕ್ಕೀತೇ ಎಂದು ಕಾಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಾಡು ತನ್ನ ಮಕ್ಕಳಿಗೆ ಒಂದು ಕೈಯಿಂದ ಗಾಡಿಯನ್ನು ಕೊಟ್ಟು, ಇನ್ನೊಂದು ಕೈಯಿಂದ ದಾರಿಯನ್ನು ಕಸಿದುಕೊಳ್ಳುವುದು ವಿವೇಕವಲ್ಲ. ಹೆದ್ದಾರಿ ಬೇಡವೆಂದು ನಾವು ಹೇಳುತ್ತಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದೂರದ ಪೇಟೆಗಳನ್ನು ಮುಟ್ಟಬೇಕಾದರೆ ಅದೂ ಬೇಕು. ಆದರೆ ಅದರ ಅಂಚಿನಲ್ಲಿ ಒಂದು ಗಜ ಅಗಲದ ನಿರ್ಭಯವಾದ ಹಾದಿ, ಕೂಡುವ ಕಡೆಗಳಲ್ಲಿ ಕೆಳದಾರಿ, ಇಷ್ಟನ್ನು ಹಿರಿಯ ವಾಹನಕ್ಕೆ ಬಿಟ್ಟುಕೊಟ್ಟರೆ ಕಿರಿಯದಕ್ಕೆ ನಷ್ಟವೇನೂ ಇಲ್ಲ.

ಆ ಹುಡುಗನು ಈ ಮಾತುಗಳನ್ನು ಕೇಳುತ್ತಿದ್ದರೆ ನಮ್ಮ ಉತ್ತರ ಇಷ್ಟೇ: ನಿನ್ನ ಸೈಕಲ್ಲು ಯಾವ ಕಾರಿನ ಹಾಗಿದೆಯೆಂದು ಕೇಳಬೇಡ, ಎದುರಿಗೆ ಬರುವ ಕಾರನ್ನು ನೋಡಿ, ಅದು ನಿನ್ನ ಸೈಕಲ್ಲಿನಿಂದ ಏನೇನು ಕಲಿತಿದೆಯೆಂದು ಎಣಿಸು. ಎಣಿಸುವಾಗ ಮಾತ್ರ ರಸ್ತೆಯ ಬದಿಗೆ ನಿಂತುಕೋ.