ಮೀನುತೊಟ್ಟಿಗೆ ಬೆಳಕು: ಅಡ್ಡಪಟ್ಟಿ ಮುಟ್ಟುವ ಮುನ್ನ

ಪಡಸಾಲೆಯ ಮೀನುತೊಟ್ಟಿಯಲ್ಲಿ ಜಲಸಸ್ಯಗಳನ್ನು ಬೆಳೆಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಬೆಳಕಿನದು. ಮೇಲೆ ದೀಪವಿದ್ದರೂ ತೊಟ್ಟಿಯ ನಡುವೆ ನೆರಳು ಬಿದ್ದು ಅಲ್ಲಿಯ ಸಸ್ಯಗಳು ಸೊರಗುತ್ತವೆ. ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಹಾದಿರುವ ಅಡ್ಡಪಟ್ಟಿಯೇ ಇದಕ್ಕೆ ಕಾರಣವೆಂದು ತಿಳಿದಾಗ, ಅದನ್ನು ಕತ್ತರಿಸಿ ತೆಗೆಯುವ ಯೋಚನೆ ಸಹಜವಾಗಿ ಮೂಡುತ್ತದೆ. ಆದರೆ ಆ ಪಟ್ಟಿ ಅಲಂಕಾರಕ್ಕಾಗಿ ಇಟ್ಟದ್ದಲ್ಲ.

ಪಟ್ಟಿಯ ಹೊಣೆ

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಹಾಗೂ 45 ಸೆಂ.ಮೀ. ಎತ್ತರದ ತೊಟ್ಟಿ ಪೂರ್ತಿ ತುಂಬಿದರೆ 243 ಲೀಟರ್ ನೀರು, ಅಂದರೆ 243 ಕಿಲೋ ಭಾರ. ನೀರು ಕೆಳಗಷ್ಟೇ ಅಲ್ಲದೆ ಪಕ್ಕಕ್ಕೂ ಒತ್ತುತ್ತದೆ. ಮುಂದಿನ ಗಾಜೊಂದರ ಮೇಲೆಯೇ ಸುಮಾರು 120 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ನೀರಿನ ಎತ್ತರ ಇಮ್ಮಡಿಯಾದರೆ ಈ ಬಲ ನಾಲ್ಮಡಿಯಾಗುತ್ತದೆ. ಗಾಜಿನ ಕೆಳ ಅಂಚನ್ನೂ ಎರಡು ಬದಿಗಳನ್ನೂ ಸಿಲಿಕೋನ್ ಅಂಟು ಹಿಡಿದಿರುತ್ತದೆ. ಮೇಲಂಚಿನ ನಡುಭಾಗಕ್ಕೆ ಅಡ್ಡಪಟ್ಟಿಯೇ ಆಸರೆ. ಅದನ್ನು ತೆಗೆದರೆ ಗಾಜು ಹೊರಕ್ಕೆ ಉಬ್ಬಿ ಬೆಸುಗೆಗಳು ಎಳೆತಕ್ಕೊಳಗಾಗುತ್ತವೆ. ಅಂದೇ ಒಡೆಯದಿದ್ದರೂ ಮುಂದೊಂದು ದಿನ ಬಾಯಿ ಬಿಡಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಪಟ್ಟಿ ಮುಟ್ಟದೆ ಬೆಳಕು

ಬೆಳಕು ಬೇಕೆಂದು ನಮ್ಮ ಹಿರಿಯರು ಮನೆಯ ತೊಲೆಯನ್ನು ತೆಗೆಯಲಿಲ್ಲ. ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟರು. ಇಲ್ಲಿಯೂ ಅದೇ ಜಾಣತನ ಬೇಕು. ಪಟ್ಟಿ ಗಾಜಿನದಾಗಿದ್ದರೆ ಅದರ ಮೇಲೆ ಕಟ್ಟಿದ ಗಡಸುನೀರಿನ ಬಿಳಿ ಕಲೆ, ಪಾಚಿಗಳನ್ನು ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ನೆರಳಿನ ಬಹುಪಾಲು ಅಲ್ಲಿಯೇ ಕರಗುತ್ತದೆ. ಒಂದೇ ದೀಪದ ಬದಲು ಪಟ್ಟಿಯ ಆಚೆಗೊಂದು, ಈಚೆಗೊಂದು ಎಲ್‌ಇಡಿ ದೀಪವಿರಲಿ. ಅವನ್ನು ತುಸು ಎತ್ತರಿಸಿದರೆ ಬೆಳಕು ಓರೆಯಾಗಿ ಹರಡಿ ನಡುಭಾಗವನ್ನೂ ಮುಟ್ಟುತ್ತದೆ. ಮಂದ ಬೆಳಕಿನಲ್ಲಿಯೂ ಬದುಕುವ ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಪಟ್ಟಿಯ ಕೆಳಗೆ ನೆಡುವುದೂ ಒಳ್ಳೆಯದು.

ಬದಲಿಸಲೇಬೇಕಾದರೆ

ಪಟ್ಟಿ ಕಪ್ಪು ಪ್ಲಾಸ್ಟಿಕ್ಕಿನದಾಗಿದ್ದು, ಅದನ್ನು ತೆಗೆದು ಪಾರದರ್ಶಕ ಗಾಜಿನ ಪಟ್ಟಿ ಕೂರಿಸಬೇಕೆಂದಾದರೆ, ತೊಟ್ಟಿ ಕಟ್ಟುವ ನುರಿತವರಿಂದಲೇ ಮಾಡಿಸಬೇಕು. ಮೀನುಗಳನ್ನು ಬೇರೆಡೆಗೆ ಸಾಗಿಸಿ ನೀರನ್ನು ಪೂರ್ತಿ ಖಾಲಿ ಮಾಡಿದ ಮೇಲಷ್ಟೇ ಹಳೆಯ ಪಟ್ಟಿಗೆ ಕೈ ಹಾಕಬೇಕು. ಹೊಸ ಪಟ್ಟಿ ಗೋಡೆಯ ಗಾಜಿನಷ್ಟಾದರೂ ದಪ್ಪವಿರಲಿ; ಮುಂದಿನ, ಹಿಂದಿನ ಗಾಜುಗಳ ಮೇಲಂಚಿಗೆ ಒಳಬದಿಯಲ್ಲಿ ಉದ್ದಪಟ್ಟಿಗಳನ್ನೂ ಅಂಟಿಸಿದರೆ ಬಲ ಹೆಚ್ಚುತ್ತದೆ. ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯದು. ಅದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಶಿಲೀಂಧ್ರನಾಶಕ ಬೆರೆಸದ, ಮೀನುತೊಟ್ಟಿಗೆಂದೇ ತಯಾರಾದ ಸಿಲಿಕೋನನ್ನೇ ಬಳಸಿ ಒಂದು ವಾರ ಒಣಗಲು ಬಿಡಬೇಕು. ಬಳಿಕ ಹಂತಹಂತವಾಗಿ ನೀರು ತುಂಬಿ, ಮೇಲಂಚಿನುದ್ದಕ್ಕೂ ದಾರವನ್ನು ಬಿಗಿಹಿಡಿದು ಗಾಜಿನ ಉಬ್ಬನ್ನು ಅಳೆಯಬೇಕು. ಅದು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಕೂಡಲೇ ನೀರು ಇಳಿಸಬೇಕು.

ವಿದ್ಯುತ್ತಿನ ಎಚ್ಚರ

ಕೈಯಿಡುವ ಮುನ್ನ ಪ್ಲಗ್ ಕೀಳುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು. ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮೇಲೇರುವಂತಿದ್ದರೆ ಅದರಗುಂಟ ಇಳಿದ ಹನಿ ಕೆಳಗೇ ಉದುರುತ್ತದೆ. ಸೋರಿಕೆ ವಿದ್ಯುತ್ತನ್ನು ತಡೆಯುವ ಆರ್‌ಸಿಸಿಬಿ ಅವಶ್ಯ. ದಿನಕ್ಕೆ ಎಂಟು ಗಂಟೆ ಬೆಳಕು ಸಾಕು. ಅತಿಯಾದರೆ ಪಾಚಿಯೇ ಮೇಲಾಗುತ್ತದೆ.

ನಾವು ತೊಟ್ಟಿಯಲ್ಲಿ ಕೂಡಿಟ್ಟ ಜೀವಗಳು ತಮ್ಮ ರಕ್ಷಣೆಯನ್ನು ತಾವೇ ಮಾಡಿಕೊಳ್ಳಲಾರವು. ಬೆಳಕಿಗೆ ದಾರಿಗಳು ಹಲವು, ಆಸರೆ ಇರುವುದೊಂದೇ. ಅದನ್ನು ಉಳಿಸಿಕೊಂಡೇ ಬೆಳಕನ್ನು ಅರಸೋಣ.