ನೀರು ಏಕೆ ಹಸಿರಾಗುತ್ತದೆ?

ಮಂಗಳೂರು ಎಂದೊಡನೆ ನಮಗೆ ಕಡಲು ನೆನಪಾಗುತ್ತದೆ. ಆದರೆ ಕೊಪ್ಪಳ ಜಿಲ್ಲೆಯಲ್ಲಿಯೂ ಮಂಗಳೂರೆಂಬ ಊರೊಂದುಂಟು. ಅಲ್ಲಿಂದ ಕಡಲು ಬಹುದೂರ. ಆದರೂ ಅಂತಹ ಊರಿನಲ್ಲಿಯೂ ಗಾಜಿನ ತೊಟ್ಟಿಯೊಂದರಲ್ಲಿ ಪುಟ್ಟ ಸಮುದ್ರವನ್ನು ಸಾಕುವುದು ಅಸಾಧ್ಯವೇನಲ್ಲ. ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರಲವಣಗಳನ್ನು ಶುದ್ಧ ನೀರಿನಲ್ಲಿ ಕರಗಿಸಿ, ದೀಪ ಹಚ್ಚಿ, ಗಾಳಿ ಊದಿ, ಮೀನುಗಳನ್ನು ಬಿಟ್ಟರಾಯಿತು. ಕೆಲವು ವಾರಗಳಲ್ಲಿಯೇ ಗಾಜಿನ ಮೇಲೂ ಕಲ್ಲಿನ ಮೇಲೂ ಪಾಚಿ ಹಬ್ಬತೊಡಗುತ್ತದೆ. ಉಜ್ಜಿ ತೆಗೆದರೆ ಮತ್ತೆ ಬೆಳೆಯುತ್ತದೆ.

ಇದೇ ಜಿಲ್ಲೆಯ ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ ನೀರೂ ಇತ್ತೀಚಿನ ಕೆಲವು ವರ್ಷಗಳಲ್ಲಿ ಹಸಿರು ಬಣ್ಣವನ್ನು ತಾಳಿದುದುಂಟು. ತೊಟ್ಟಿಯ ಪಾಚಿಯಿಂದ ಹವ್ಯಾಸಿಗೆ ಬೇಸರವಾದೀತು, ಅಷ್ಟೆ. ಜಲಾಶಯವಾದರೋ ಹಲವು ಊರುಗಳಿಗೆ ಕುಡಿಯುವ ನೀರನ್ನು ಕೊಡುತ್ತದೆ. ಎರಡರ ಗಾತ್ರದಲ್ಲಿ ಅಜಗಜಾಂತರವಿದ್ದರೂ ಕಾರಣ ಒಂದೇ. ಅದನ್ನು ಚಿಕ್ಕದರಲ್ಲಿ ಅರಿತರೆ ದೊಡ್ಡದರಲ್ಲಿ ಹುಡುಕುವುದು ಸುಲಭ.

ಪಾಚಿಗೆ ಬೇಕಾದುದೇನು?

ಪಾಚಿಯು ಬೆಳಕು, ಇಂಗಾಲ, ಸಾರಜನಕ ಮತ್ತು ರಂಜಕಗಳಿಂದ ತನ್ನ ಮೈಯನ್ನು ಕಟ್ಟಿಕೊಳ್ಳುತ್ತದೆ. ಸಮುದ್ರದ ಸೂಕ್ಷ್ಮಸಸ್ಯಗಳಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳು ಸರಾಸರಿಯಾಗಿ ಇರುತ್ತವೆಂದು ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಕಂಡುಹಿಡಿದನು. ತೂಕದಲ್ಲಿ ಹೇಳುವುದಾದರೆ, 1 ಗ್ರಾಂ ರಂಜಕವು ಸುಮಾರು 41 ಗ್ರಾಂ ಇಂಗಾಲವನ್ನು ಪಾಚಿಯಾಗಿ ಮಾರ್ಪಡಿಸಲು ಸಾಕು. ಇವುಗಳಲ್ಲಿ ಯಾವುದು ಅತ್ಯಂತ ವಿರಳವೋ ಅದೇ ಬೆಳವಣಿಗೆಯ ಮಿತಿಯನ್ನು ಗೊತ್ತುಮಾಡುತ್ತದೆ. ಅಡಿಗೆಯಲ್ಲಿ ಅಕ್ಕಿ ಮೂಟೆಯಷ್ಟಿದ್ದರೂ ಬೇಳೆ ಹಿಡಿಯಷ್ಟೇ ಇದ್ದರೆ ಬಿಸಿಬೇಳೆ ಭಾತು ಎಷ್ಟಾದೀತು? ಬೇಳೆ ಇದ್ದಷ್ಟೇ ತಾನೆ!

ಈಗ ತೊಟ್ಟಿಯ ಲೆಕ್ಕವನ್ನು ನೋಡೋಣ. 100 ಲೀಟರು ನೀರಿಗೆ ದಿನವೂ 1 ಗ್ರಾಂ ಒಣ ಆಹಾರವನ್ನು ಹಾಕುತ್ತೇವೆ. ಅದರಲ್ಲಿ ಶೇಕಡ 1 ಭಾಗ ರಂಜಕವಿದೆ. ಅರ್ಧ ಮೀನಿನ ಮೈಗೆ ಸೇರಿ ಉಳಿದರ್ಧ ನೀರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಆಗ ದಿನಕ್ಕೆ 5 ಮಿಲಿಗ್ರಾಂ, ತಿಂಗಳಿಗೆ 150 ಮಿಲಿಗ್ರಾಂ; ಎಂದರೆ ಪ್ರತಿ ಲೀಟರಿನಲ್ಲಿ 1.5 ಮಿಲಿಗ್ರಾಂ ರಂಜಕ! ಉಷ್ಣವಲಯದ ತೆರೆದ ಕಡಲಿನ ಮೇಲ್ಭಾಗದಲ್ಲಿ ಇದರ ನೂರನೆಯ ಒಂದು ಭಾಗವೂ ಇರುವುದಿಲ್ಲ. ಆದುದರಿಂದ ಆಹಾರವನ್ನು ಮಿತವಾಗಿ ಹಾಕುವುದು, ಆಗಾಗ ಸ್ವಲ್ಪ ನೀರನ್ನು ಬದಲಿಸುವುದು, ನೈಟ್ರೇಟು ಇರಬಹುದಾದ ಕೊಳವೆಬಾವಿಯ ನೀರನ್ನು ಶುದ್ಧೀಕರಿಸಿಯೇ ಬಳಸುವುದು, ದೀಪವನ್ನು ದಿನಕ್ಕೆ ಎಂಟು ಗಂಟೆಗಳಿಗೆ ಮಿತಗೊಳಿಸುವುದು—ಇವೇ ನಿಜವಾದ ಮದ್ದು. ಉಜ್ಜುವುದು ಕೇವಲ ಉಪಶಮನ.

ಸರೋವರದಲ್ಲಿ ನಡೆಸಿದ ಪರೀಕ್ಷೆ

ಸಿಹಿನೀರಿನಲ್ಲಿಯೂ ಹೀಗೆಯೇ ಎಂಬುದಕ್ಕೆ ಪ್ರಮಾಣವೇನು? 1973ರಲ್ಲಿ ಕೆನಡದ ವಿಜ್ಞಾನಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಆಂಟೇರಿಯೊ ಪ್ರಾಂತದ 226ನೆಯ ಸಂಖ್ಯೆಯ ಸರೋವರವನ್ನು ಪರದೆಯೊಂದರಿಂದ ಎರಡಾಗಿ ವಿಭಾಗಿಸಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಮಾತ್ರ ಹಾಕಿದರು. ಇನ್ನೊಂದಕ್ಕೆ ಇವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಚ್ಚಹಸಿರಾಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನೇ ಬಳಸಬಲ್ಲವು. ರಂಜಕಕ್ಕೆ ಗಾಳಿಯಲ್ಲಿ ಅಂತಹ ಕಣಜವಿಲ್ಲ. ಆದುದರಿಂದಲೇ ಅದನ್ನು ತಡೆಯುವುದು ಮುಖ್ಯ.

ತುಂಗಭದ್ರೆಯ ಸಮಸ್ಯೆ

ಗಂಗಾವತಿಯ ಭತ್ತದ ಗದ್ದೆಗಳ ಗೊಬ್ಬರವೇ ಜಲಾಶಯವನ್ನು ಕೆಡಿಸುತ್ತದೆಯೆಂದು ಯಾರಾದರೂ ಊಹಿಸಬಹುದು. ಆದರೆ ಆ ಗದ್ದೆಗಳಿರುವುದು ಅಣೆಕಟ್ಟಿನ ಕೆಳಗೆ. ನೀರು ಮೇಲಕ್ಕೆ ಹರಿಯುವುದಿಲ್ಲ. ಕಾರಣವನ್ನು ಮೇಲಿನ ಕೊಳ್ಳದಲ್ಲಿ ಹುಡುಕಬೇಕು. ಶಿವಮೊಗ್ಗ, ಭದ್ರಾವತಿ, ಹರಿಹರ ಮೊದಲಾದ ಪಟ್ಟಣಗಳು ನದಿಯ ದಡದಲ್ಲಿವೆ. ಹೊಲಗದ್ದೆಗಳು ಎರಡೂ ಕಡೆ ಹಬ್ಬಿವೆ. ಇಂತಹ ಕೊಳ್ಳದ ಕೊಳಚೆ ಮತ್ತು ಗೊಬ್ಬರದ ಶೇಷವೆಲ್ಲ ಕೊನೆಗೆ ಬಂದು ನಿಲ್ಲುವ ತೊಟ್ಟಿಯೇ ಜಲಾಶಯ.

ಹೂಳನ್ನೂ ಮರೆಯಲಾಗದು. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿ.ಎಂ.ಸಿ. ಅಡಿಗಳಿದ್ದ ಜಲಾಶಯದ ಧಾರಣಶಕ್ತಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಣ್ಣಿನ ಕಣಗಳಿಗೆ ರಂಜಕವು ಅಂಟಿಕೊಂಡಿರುತ್ತದೆ. ತಳದ ನೀರಿನಲ್ಲಿ ಆಮ್ಲಜನಕವು ತೀರಿದಾಗ ಅದು ಮರಳಿ ನೀರಿಗೆ ಬಿಡುಗಡೆಯಾಗಬಲ್ಲದು.

ಇನ್ನು ಬೆಳಕಿನ ಮಾತು. ಪ್ರವಾಹಕಾಲದ ಕೆಂಪುನೀರಿನಲ್ಲಿ ಬೆಳಕು ಆಳಕ್ಕೆ ಇಳಿಯದು. ಪ್ರವಾಹ ತಗ್ಗಿ ಮಣ್ಣು ತಳ ಸೇರಿದಂತೆ ಬಿಸಿಲು ಒಳಹೊಗುತ್ತದೆ. ಬಿಸಿಯಾದ ಮೇಲ್ಪದರದ ಸಾಂದ್ರತೆ ಕಡಮೆಯಾದುದರಿಂದ ಅದು ತಂಪಾದ ಕೆಳಪದರದೊಡನೆ ಬೆರೆಯದೆ ತೇಲಿಕೊಂಡಿರುತ್ತದೆ. ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಜೀವಕೋಶಗಳಲ್ಲಿ ಗಾಳಿ ತುಂಬಿದ ಸೂಕ್ಷ್ಮ ಕೋಶಿಕೆಗಳಿವೆ. ಅವುಗಳ ಬಲದಿಂದ ಅದು ಬೆಳಕಿರುವ ಮೇಲ್ಪದರಕ್ಕೇ ತೇಲಿ ಬಂದು ಕೆನೆಗಟ್ಟುತ್ತದೆ.

ಮದ್ದು ಮತ್ತು ಎಚ್ಚರಿಕೆ

ಮೈಲುತುತ್ತವು ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಮೈಕ್ರೊಸಿಸ್ಟಿಸ್‌ನ ಕೆಲವು ಬಗೆಗಳ ಒಳಗೆ ಯಕೃತ್ತಿಗೆ ಹಾನಿಮಾಡುವ ವಿಷವಿರುತ್ತದೆ. ಪಾಚಿ ಸತ್ತು ಒಡೆದಾಗ ಆ ವಿಷ ಒಮ್ಮೆಗೇ ನೀರಿಗೆ ಸೇರುತ್ತದೆ. ಕೊಳೆಯುವಿಕೆಯು ಆಮ್ಲಜನಕವನ್ನು ನುಂಗಿ ಮೀನುಗಳನ್ನೂ ಸಾಯಿಸಬಹುದು. ಈ ವಿಷವು ಕುದಿಸುವುದರಿಂದ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ಹಸಿರುಗೆನೆ ಕಟ್ಟಿದ ನೀರನ್ನು ಕುದಿಸಿ ಕುಡಿದರಾಯಿತೆಂಬ ನಂಬಿಕೆ ಅಪಾಯಕರ. ದನಕರುಗಳನ್ನೂ ಅದರಿಂದ ದೂರವಿಡಬೇಕು.

ಶಾಶ್ವತ ಮದ್ದು ಮೂಲದಲ್ಲಿಯೇ ಇದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಬೇರೆಡೆಗೆ ತಿರುಗಿಸಿದರು; 1970ರ ದಶಕದಲ್ಲಿ ಸರೋವರ ಮತ್ತೆ ತಿಳಿಯಾಯಿತು. ಪಟ್ಟಣಗಳ ಕೊಳಚೆಯನ್ನು ಸಂಸ್ಕರಿಸುವುದು, ಮಣ್ಣು ಪರೀಕ್ಷಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಬದುಗಳನ್ನು ಕಟ್ಟಿ ಮಣ್ಣಿನ ಸವಕಳಿಯನ್ನು ತಡೆಯುವುದು—ಈ ಮೂರೂ ನಮ್ಮಲ್ಲಿಯೂ ಸಾಧ್ಯ.

ನೀವೇ ಮಾಡಿ ನೋಡಿ

ನಾಲ್ಕು ಗಾಜಿನ ಸೀಸೆಗಳಲ್ಲಿ ನಿಮ್ಮೂರ ಕೆರೆಯ ನೀರನ್ನು ಸಮನಾಗಿ ತುಂಬಿರಿ. ಮೊದಲನೆಯದಕ್ಕೆ ಏನನ್ನೂ ಹಾಕಬೇಡಿರಿ. ಎರಡನೆಯದಕ್ಕೆ ಯೂರಿಯಾದ ಕೆಲವು ಕಾಳುಗಳು, ಮೂರನೆಯದಕ್ಕೆ ಸೂಪರ್‌ಫಾಸ್ಫೇಟಿನ ಕೆಲವು ಕಾಳುಗಳು, ನಾಲ್ಕನೆಯದಕ್ಕೆ ಎರಡೂ. ಬಾಯಿಗೆ ಹತ್ತಿಯನ್ನಿಟ್ಟು ಬೆಳಕು ಬೀಳುವ ಕಿಟಕಿಯಲ್ಲಿ ಎರಡು ವಾರ ಇರಿಸಿರಿ. ನೀರನ್ನು ಬಾಯಿಗೆ ತಾಗಿಸಬೇಡಿರಿ. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಯಾವ ಸೀಸೆ ಬೇಗ ಹಸಿರಾಯಿತೆಂಬುದನ್ನು ದಿನವೂ ಗುರುತು ಹಾಕಿಕೊಳ್ಳಿರಿ. ನಿಮ್ಮ ಕೆರೆಗೆ ಯಾವುದರ ಕೊರತೆಯಿತ್ತು, ಯಾವುದನ್ನು ಅದರೊಳಗೆ ಬಿಡಬಾರದು ಎಂಬ ಪ್ರಶ್ನೆಗೆ ಆ ಸೀಸೆಗಳೇ ಉತ್ತರದ ಸುಳಿವು ಕೊಡುತ್ತವೆ.